ಪೆಡಲುಗಳ ಪಂಕ್ತಿ

ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಇಬ್ಬರು ಒಂದೆಡೆ ಸೇರಿದರೆ ಸಂಗೀತದ ಮಾತು ಬರುವುದಿಲ್ಲ, ಪೆಡಲಿನ ಮಾತು ಬರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ? ಪಣಂಬೂರಿನ ನಮ್ಮ ಮನೆಯಲ್ಲಿ ನಾನೂ ಅಕ್ಕನ ಮಗನೂ ಒಂದೇ ಸೂರಿನಡಿ ಇರುವುದರಿಂದ ಈ ಜಗಳಕ್ಕೆ ಹೊರಗಿನವರು ಬೇಕಾಗಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಗಿಟಾರಿನಿಂದ ಹೊರಟ ಸದ್ದು ಸೀದಾ ಆಂಪ್ಲಿಫೈಯರಿಗೆ ಹೋಗುವುದಿಲ್ಲ. ನೆಲದ ಮೇಲೆ ಸಾಲಾಗಿ ಕೂತ, ಕಾಲಿನಿಂದ ಒತ್ತುವ ಡಬ್ಬಿಗಳು ದಾರಿಯಲ್ಲೇ ಅದನ್ನು ವಿಚಾರಿಸಿಕೊಳ್ಳುತ್ತವೆ. ಡಿಸ್ಟಾರ್ಷನ್, ಫಜ್ ಎಂಬವು ಸದ್ದನ್ನು ಹರಿಯುತ್ತವೆ, ಫೇಸರ್ ತೂಗುತ್ತದೆ, ಡಿಲೇ ಹೇಳಿದ್ದನ್ನೇ ಹೇಳುತ್ತದೆ. ಹೆಚ್ಚಿನವುಗಳಲ್ಲಿ ವೈರು ಬಲಗಡೆ ಒಳಹೊಕ್ಕು ಎಡಗಡೆ ಹೊರಬರುವುದರಿಂದ ಸಾಲನ್ನು ಓದಬೇಕಾದ್ದು ಬಲದಿಂದ ಎಡಕ್ಕೆ. ಕನ್ನಡ ಶಾಲೆಯ ನನ್ನ ಕಣ್ಣಿಗೆ ಇದು ಇವತ್ತಿಗೂ ಒಗ್ಗಿಲ್ಲ.

1962ರಲ್ಲಿ ಅಮೆರಿಕದಲ್ಲಿ ಮೇಸ್ಟ್ರೋ ಫಜ್-ಟೋನ್ ಎಂಬ ಪೆಡಲ್ ಬಂದಾಗ ಅದನ್ನು ಕೇಳುವವರು ಕಡಿಮೆ. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ‘ಸ್ಯಾಟಿಸ್ಫ್ಯಾಕ್ಷನ್’ನಲ್ಲಿ ಅದನ್ನು ಒತ್ತಿದ ಮೇಲೆ ಅಂಗಡಿಗಳಲ್ಲಿ ಉಳಿಯಲಿಲ್ಲ. ಒಂದೇ ಪೆಡಲ್ ಇದ್ದ ಕಾಲದಲ್ಲಿ ಪಂಕ್ತಿಯ ತಕರಾರಿಲ್ಲ. ಎರಡನೆಯದು ಬಂತು, ನೆಮ್ಮದಿ ಹೋಯಿತು.

ನನ್ನ ಸಿದ್ಧಾಂತ ಇಷ್ಟೇ. ಡಿಸ್ಟಾರ್ಷನ್ ಎಂದರೆ ಬೇಕೆಂದೇ ಮಾಡಿದ ಕೊಳಕು. ಅದಕ್ಕಿಂತ ಮೊದಲು ಏನಿಟ್ಟರೂ ಕೊಳಕಾಗುತ್ತದೆ, ಆಮೇಲೆ ಇಟ್ಟದ್ದು ಕೊಳಕನ್ನು ಸಿಂಗರಿಸುತ್ತದೆ. ಡಿಲೇ ಇಲ್ಲವೇ ಸದ್ದನ್ನು ಮೊಳಗಿಸುವ ರಿವರ್ಬ್ ಮೊದಲು ಬಂದರೆ ಪ್ರತಿಧ್ವನಿಗಳೆಲ್ಲ ಹರಿದು ಮುದ್ದೆಯಾಗುತ್ತವೆ. ಮಿಂದು ಪೌಡರ್ ಹಾಕಿಕೊಳ್ಳುವುದು ಬೇರೆ, ಪೌಡರ್ ಹಾಕಿಕೊಂಡು ಮೀಯುವುದು ಬೇರೆ. ಇದಕ್ಕೆ ನಮ್ಮೂರಿನ ನವಮಂಗಳೂರು ಬಂದರಿನ ಸಾಕ್ಷಿಯೂ ಉಂಟು. ಅಲ್ಲಿ ಹಡಗು ಮೊದಲು ಕೂಗುತ್ತದೆ, ಆಮೇಲೆ ಆ ಕೂಗು ಗೋದಾಮಿನ ಗೋಡೆಗಳಿಗೆ ಬಡಿದು ಮೊಳಗುತ್ತದೆ. ಮೊದಲು ಮೊಳಗಿ ಆಮೇಲೆ ಕೂಗಿದ ಹಡಗು, ಬಂದರು ಉದ್ಘಾಟನೆಯಾದ 1975ರಿಂದ ಈಚೆಗೆ ಒಂದೂ ಬಂದಿಲ್ಲ.

“ಮಾಮ, ಎಡ್ಡಿ ವ್ಯಾನ್ ಹೇಲನ್ ಫೇಸರನ್ನು ಆಂಪಿಗಿಂತ ಮೊದಲೇ ಇಟ್ಟದ್ದಲ್ವಾ? ಅವರ ಕೊಳಕೆಲ್ಲ ಆಂಪಿನ ಒಳಗೇ ಇದ್ದದ್ದು. ಅವರಿಗೆ ನೀವು ಬುದ್ಧಿ ಹೇಳ್ಲಿಕ್ಕೆ ಹೋಗಿದ್ರಾ?”

ಹುಡುಗ ಹೇಳುವುದು ಸರಿಯೇ, ಅದೇ ನನಗೆ ಕಿರಿಕಿರಿ. ಕೊಳಕು ಆಂಪಿನ ಒಳಗೇ ಆಗುವುದಾದರೆ ನೆಲದ ಮೇಲಿನ ಡಿಲೇ ಎಲ್ಲಿಟ್ಟರೂ ಕೊಳಕಿಗಿಂತ ಮೊದಲೇ. ಇದಕ್ಕಾಗಿಯೇ ಕೆಲವು ಆಂಪುಗಳ ಬೆನ್ನಿಗೆ ಸೆಂಡ್, ರಿಟರ್ನ್ ಎಂಬ ಎರಡು ತೂತುಗಳು ಇರುತ್ತವೆ. ಪ್ರಿಆಂಪ್ ಕೊಳಕು ಮಾಡಿದ ಮೇಲೆ, ಪವರ್ ಆಂಪ್ ಅದನ್ನು ದೊಡ್ಡದು ಮಾಡುವ ಮೊದಲು, ಸದ್ದು ಹೊರಗೆ ಬಂದು ಡಿಲೇ ಮುಗಿಸಿಕೊಂಡು ಹೋಗಬಹುದು.

ಎಲ್ಲರಿಗಿಂತ ಹಟಮಾರಿ ಎಂದರೆ 1966ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫಜ್ ಫೇಸ್. ಅದಕ್ಕೆ ಗಿಟಾರಿನ ಪಕ್ಕದಲ್ಲೇ ಜಾಗ ಬೇಕು, ನಡುವೆ ಯಾರೂ ಕೂರಬಾರದು. ಆಗ ಗಿಟಾರಿನ ವಾಲ್ಯೂಮ್ ತುಸು ತಗ್ಗಿಸಿದರೆ ತಾನೂ ತಗ್ಗಿ ತಿಳಿಯಾಗುತ್ತದೆ. ನಡುವೆ ಬಫರ್ ಎಂಬ ಸರ್ಕ್ಯೂಟ್ ಇರುವ ಟ್ಯೂನರ್ ಒಂದು ಬಂದರೂ ಸಾಕು, ಕೀರಲಾಗಿ ಹಟ ಹಿಡಿಯುತ್ತದೆ. ಆದರೆ ಉದ್ದ ವೈರಿನಲ್ಲಿ ಸದ್ದಿನ ಹೊಳಪು ಸೋರಿಹೋಗದಿರಲು ಸಾಲಿನಲ್ಲಿ ಎಲ್ಲೋ ಒಂದು ಬಫರ್ ಬೇಕೇ ಬೇಕು. ಮೊದಲ ಜಾಗದ ಹಕ್ಕು ತನ್ನದೆಂದು, ಸದ್ದನ್ನು ‘ವಾ ವಾ’ ಎನಿಸುವ ವಾ ಪೆಡಲ್ ಬೇರೆ ಕಾಯುತ್ತಿರುತ್ತದೆ. ಜಿಮಿ ಹೆಂಡ್ರಿಕ್ಸ್ ವಾ ಮೊದಲಿಟ್ಟು ಫಜ್ ಆಮೇಲಿಟ್ಟ. ಅವನ ಕಾಲು ಅದು, ನಡೆಯಿತು. ನಮ್ಮಲ್ಲಿ ಹಾಗೆ ಜೋಡಿಸಿದರೆ ಎರಡೂ ಒಂದನ್ನೊಂದು ಎಳೆದಾಡಿ ಊಳಿಡುತ್ತವೆ.

ಇದೆಲ್ಲ ಒಣ ಊರಿನ ಶಾಸ್ತ್ರ. ಪಣಂಬೂರಿನಲ್ಲಿ ಗಿಟಾರಿಗೂ ಮೊದಲೇ ಒಂದು ಪೆಡಲ್ ಉಂಟು, ಉಪ್ಪು ಗಾಳಿ. ಅದಕ್ಕೆ ಆಫ್ ಸ್ವಿಚ್ ಇಲ್ಲ. ತಂತಿ ತುಕ್ಕು ಹಿಡಿಯುತ್ತದೆ, ಜ್ಯಾಕು ಮಂಕಾಗುತ್ತದೆ, ಜೂನ್ ಬಂದರೆ ಪ್ರತಿ ಕೀಲಿನಲ್ಲೂ ಚರಚರ. ಹುಡುಗ ಹೊಸ ಪೆಡಲ್ ತಂದಾಗಲೆಲ್ಲ ನನಗೆ ಕಾಣುವುದು ಒರೆಸಬೇಕಾದ ಇನ್ನೆರಡು ತೂತು. ಜತೆಗೆ ಫ್ಯಾನಿನ ರೆಗ್ಯುಲೇಟರ್ ತನ್ನ ಗುಂಯ್‌ಗುಡುವಿಕೆಯನ್ನೂ ಗಿಟಾರಿನ ಪಿಕಪ್ಪಿಗೆ ದಾಟಿಸುತ್ತದೆ, ಡಿಸ್ಟಾರ್ಷನ್ ಅದನ್ನು ಹತ್ತು ಪಟ್ಟು ಮಾಡುತ್ತದೆ. ಅದನ್ನು ತಡೆಯುವ ನಾಯ್ಸ್ ಗೇಟನ್ನು ಡಿಸ್ಟಾರ್ಷನ್ ಆದ ಕೂಡಲೇ ಇಡಬೇಕು. ರಿವರ್ಬ್ ಆದ ಮೇಲೆ ಇಟ್ಟರೆ ಅದು ಪ್ರತಿಧ್ವನಿಯ ಬಾಲವನ್ನೇ ಕತ್ತರಿಸುತ್ತದೆ. ಈ ಒಂದು ವಿಷಯದಲ್ಲಿ ನನಗೂ ಹುಡುಗನಿಗೂ ಒಮ್ಮತ.

ಮೊನ್ನೆ ವಾಲ್ಯೂಮ್ ಪೆಡಲ್ ಬಂತು. ಡಿಸ್ಟಾರ್ಷನ್ನಿಗಿಂತ ಮೊದಲಿಟ್ಟರೆ ತಗ್ಗಿಸಿದಾಗ ಕೊಳಕು ಕಡಿಮೆಯಾಗುತ್ತದೆ, ಆಮೇಲಿಟ್ಟರೆ ಕೊಳಕು ಹಾಗೇ ಉಳಿದು ಸದ್ದು ಮಾತ್ರ ತಗ್ಗುತ್ತದೆ. ಡಿಲೇಗಿಂತ ಮೊದಲಿಟ್ಟರಂತೂ ಕಾಲು ಹಿಂದೆಳೆದ ಮೇಲೂ ಪ್ರತಿಧ್ವನಿ ನಿಧಾನಕ್ಕೆ ಕರಗುತ್ತದೆ, ಕೇಳಲು ಸುಖ. ನಾವಿಬ್ಬರೂ ನೆಲದಲ್ಲಿ ಕೂತು ಇದನ್ನೇ ವಾದಿಸುತ್ತಿರುವಾಗ, ಬಂದರಿನಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ನೆರೆಮನೆಯವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು.

“ಹಾಗಾದ್ರೆ ಅದನ್ನು ಎಲ್ಲದಕ್ಕಿಂತ ಕೊನೆಗೆ ಇಡಿ ಮಾರಾಯ್ರೆ,” ಎಂದರು. “ರಿವರ್ಬಿಗಿಂತಲೂ ಆಚೆ. ಬಾಲ ಸಮೇತ ನಿಲ್ಬೇಕು.”