‘ಮೇಷ್ಟ್ರಾಗಲು ಬಂದೆ, ಬೀರು ಮಾಡಿಟ್ಟರು’

ಒಂದು ಪದವಿ ಕಾಲೇಜಿನ ಸರ್ವರ್ ಕೋಣೆ. ಒಂದೇ ಯಂತ್ರದಲ್ಲಿ ಇಬ್ಬರ ವಾಸ: ವೆಬ್‌ಸೈಟ್ ನೋಡಿಕೊಳ್ಳುವ ವರ್ಡ್‌ಪ್ರೆಸ್, ಕಲಿಕೆ ನೋಡಿಕೊಳ್ಳಬೇಕಾದ ಮೂಡಲ್. ಮೊದಲನೆಯವನಿಗೆ ಪುರುಸೊತ್ತಿರಲಿಲ್ಲ. ಎರಡನೆಯವನು ಮಾತಿಗೆ ಸಿಕ್ಕ.

ಪ್ರಶ್ನೆ: ನೀವಿಬ್ಬರೂ ಸಂಬಂಧಿಕರಂತೆ?

ಮೂಡಲ್: ದಾಯಾದಿಗಳು ಅನ್ನಿ. ನನ್ನ ಮೊದಲ ಆವೃತ್ತಿ ಬಂದದ್ದು 2002ರಲ್ಲಿ, ಅವನದು 2003ರಲ್ಲಿ. ಇಬ್ಬರನ್ನೂ ಬರೆದದ್ದು ಪಿಎಚ್‌ಪಿಯಲ್ಲಿ, ಇಬ್ಬರೂ ಪುಕ್ಕಟೆ ಸಿಗುತ್ತೇವೆ. ಅದಕ್ಕೇ ಪ್ರಿನ್ಸಿಪಾಲರಿಗೆ ನಮ್ಮಿಬ್ಬರ ಗುರುತೇ ಹತ್ತುವುದಿಲ್ಲ.

ಪ್ರಶ್ನೆ: ವ್ಯತ್ಯಾಸವಾದರೂ ಏನು?

ಮೂಡಲ್: ಅವನ ಹತ್ತಿರ ಲೇಖಕ ಬರೆದ, ಸಂಪಾದಕ ತಿದ್ದಿದ, ಪ್ರಕಟವಾಯಿತು. ಅಲ್ಲಿಗೆ ಕೈ ತೊಳೆದುಕೊಳ್ಳುತ್ತಾನೆ. ಓದಿದ್ದು ಯಾರು, ಅವರಿಗೆ ತಿಳಿಯಿತೇ ಅಂತ ಕೇಳುವವನಲ್ಲ. ನನಗೆ ಕೆಲಸ ಶುರುವಾಗುವುದೇ ಪ್ರಕಟಿಸಿದ ಮೇಲೆ. ಯಾರು ಯಾವ ಕೋರ್ಸಿಗೆ ಸೇರಿದರು, ಅಸೈನ್‌ಮೆಂಟ್ ಗಡುವಿನೊಳಗೆ ಬಂತೇ, ಕ್ವಿಜ್‌ನಲ್ಲಿ ಎಡವಿದ್ದೆಲ್ಲಿ, ಮೇಷ್ಟ್ರು ಕೊಟ್ಟ ಅಂಕವೆಷ್ಟು, ಎಲ್ಲಕ್ಕೂ ಲೆಕ್ಕ ಇಡುತ್ತೇನೆ.

ಪ್ರಶ್ನೆ: ಇದನ್ನೆಲ್ಲ ಇಲ್ಲಿ ಮಾಡುತ್ತಿದ್ದೀರಾ?

ಮೂಡಲ್: (ಫ್ಯಾನ್ ಜೋರಾಗಿ ತಿರುಗುತ್ತದೆ) ಇಲ್ಲಿ ನನ್ನ ಮೈತುಂಬ ಪಿಡಿಎಫ್. ‘ಯೂನಿಟ್ 1’, ‘ಯೂನಿಟ್ 1 ಫೈನಲ್’, ‘ಯೂನಿಟ್ 1 ಫೈನಲ್ ಹೊಸದು’. ಪ್ರಶ್ನೆಗಳ ಬ್ಯಾಂಕಿನಲ್ಲಿ ಇರುವ ಠೇವಣಿ ಒಂದೇ ಪ್ರಶ್ನೆ: ‘ಟೆಸ್ಟ್’. ಅದಕ್ಕೆ ಸರಿಯುತ್ತರವೂ ‘ಟೆಸ್ಟ್’.

ಪ್ರಶ್ನೆ: ಮೇಷ್ಟ್ರುಗಳದೇ ತಪ್ಪು ಅನ್ನುತ್ತೀರಾ?

ಮೂಡಲ್: ಅವರನ್ನೇಕೆ ಬೈಯಲಿ? ಒಂದು ಒಳ್ಳೆಯ ಕ್ವಿಜ್ ಹೊಂದಿಸಲು ಇಡೀ ಸಂಜೆ ಹಿಡಿಯುತ್ತದೆ. ಪಿಡಿಎಫ್ ಏರಿಸಲು ಒಂದು ನಿಮಿಷ. ವರದಿಯಲ್ಲಿ ಎರಡಕ್ಕೂ ಬೀಳುವುದು ಒಂದೇ ಟಿಕ್ ಮಾರ್ಕು.

ಪ್ರಶ್ನೆ: ನಿಮ್ಮನ್ನು ಕಟ್ಟಿದವರ ಆಸೆ ಬೇರೆಯೇ ಇತ್ತಲ್ಲವೇ?

ಮೂಡಲ್: ಮಾರ್ಟಿನ್ ಡೂಗಿಯಾಮಸ್ ಬೆಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ. ಶಾಲೆ ಎಲ್ಲೋ ದೂರ, ಪಾಠ ರೇಡಿಯೋದಲ್ಲಿ. ಅದು ಬರೀ ಕೇಳುವ ರೇಡಿಯೋ ಅಲ್ಲ. ಮೇಷ್ಟ್ರು ಕೇಳಿದ್ದಕ್ಕೆ ಮಕ್ಕಳು ಉತ್ತರಿಸಬಹುದಿತ್ತು. ಮರಳುಗಾಡಿನಲ್ಲೂ ಮಾತುಕತೆಯಿತ್ತು ನೋಡಿ. ಇಲ್ಲಿ ಗುರುಶಿಷ್ಯರು ಒಂದೇ ಕೋಣೆಯಲ್ಲಿದ್ದಾರೆ, ನನ್ನ ಚರ್ಚೆಯ ಪುಟದಲ್ಲಿ ಒಂದೇ ಒಂದು ಸಾಲಿದೆ: ‘ಸರ್, ಇದು ಎಕ್ಸಾಮಿಗೆ ಬರುತ್ತಾ?’ ಉತ್ತರ ಇನ್ನೂ ಬಂದಿಲ್ಲ.

ಪ್ರಶ್ನೆ: ನೀವು ಕಲಿಕೆಯನ್ನು ನಿಜಕ್ಕೂ ಅಳೆಯಬಲ್ಲಿರಾ?

ಮೂಡಲ್: (ತುಸು ಕೆಮ್ಮಿ) ಹುಡುಗ ಪುಟ ತೆರೆದದ್ದು ಗೊತ್ತಾಗುತ್ತದೆ. ತೆರೆದಿಟ್ಟು ಕ್ಯಾಂಟೀನಿಗೆ ಹೋದದ್ದು ಗೊತ್ತಾಗುವುದಿಲ್ಲ. ಇ-ಪಾಠಗಳಿಗೆ ‘ಸ್ಕಾರ್ಮ್’ ಅಂತ ಒಂದು ಮಾನದಂಡವಿದೆ, ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಹುಟ್ಟಿದ್ದು. ಅದರ 1.2 ಆವೃತ್ತಿಯಲ್ಲಿ ಪಾಠಕ್ಕೆ ಆರೇ ಗತಿ: ಪಾಸು, ಫೇಲು, ಮುಗಿಸಿದ್ದು, ಅರ್ಧಕ್ಕೆ ಬಿಟ್ಟದ್ದು, ಕಣ್ಣಾಡಿಸಿದ್ದು, ಮುಟ್ಟದೇ ಇದ್ದದ್ದು. ‘ಅರ್ಥವಾಯಿತು’ ಅನ್ನುವ ಏಳನೆಯದು ಇಲ್ಲ.

ಪ್ರಶ್ನೆ: ಮತ್ತೆ ದಾಯಾದಿಯನ್ನು ಹಂಗಿಸುವುದೇಕೆ? ಪ್ಲಗಿನ್ ಹಾಕಿದರೆ ಅವನೂ ಕೋರ್ಸು ನಡೆಸುತ್ತಾನಂತೆ.

ಮೂಡಲ್: ನಡೆಸಲಿ. ಅವನು ನನ್ನಂತಾಗಲು ಪ್ಲಗಿನ್ ಬೇಕು. ನಾನು ಅವನಂತಾಗಲು ಈ ಕಾಲೇಜು ಸಾಕಾಯಿತು.

ಪ್ರಶ್ನೆ: ನಿಮ್ಮನ್ನು ಯಾರೂ ನೆನೆಸಿಕೊಳ್ಳುವುದೇ ಇಲ್ಲವೇ?

ಮೂಡಲ್: ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮೌಲ್ಯಮಾಪನ ನಡೆಯುವ ವಾರ ನೋಡಬೇಕು ನನ್ನ ವೈಭವ! ಮೊದಲು ಪಾಸ್‌ವರ್ಡ್ ಹುಡುಕುತ್ತಾರೆ. ಆಮೇಲೆ ಒಂದು ಸಿಎಸ್‌ವಿ ಫೈಲ್ ಸುರಿದು, ರಾತ್ರೋರಾತ್ರಿ ಇಡೀ ಕಾಲೇಜನ್ನೇ ನನ್ನೊಳಗೆ ದಾಖಲು ಮಾಡುತ್ತಾರೆ. ಬೆಳಿಗ್ಗೆ ನನ್ನ ಸ್ಕ್ರೀನ್‌ಶಾಟ್ ತೆಗೆದು, ಪಿಡಿಎಫ್ ಮಾಡಿ, ಕಾಲೇಜಿನ ವೆಬ್‌ಸೈಟಿಗೆ ಏರಿಸುತ್ತಾರೆ.

ಪ್ರಶ್ನೆ: ಅಂದರೆ ದಾಯಾದಿಯ ಮನೆಗೆ?

ಮೂಡಲ್: ಹೂಂ, ಅಲ್ಲೇ ಪ್ರಕಟವಾಗಿದ್ದೇನೆ. ಓದಿದವರೆಷ್ಟು, ಅವರಿಗೆ ತಿಳಿದದ್ದೆಷ್ಟು ಅಂತ ಮಾತ್ರ ಕೇಳಬೇಡಿ. ಆ ಲೆಕ್ಕ ಅವನು ಇಡುವುದಿಲ್ಲ.