ಎಸಿಗೆ ವಯಸ್ಸಾಯ್ತೇನ್ರೀ?

ಬ್ಯಾಸಗಿಯಲ್ಲಿ ಬಸವಕಲ್ಯಾಣದ ಬಿಸಿಲು 40 ಡಿಗ್ರಿ ದಾಟಿದ ದಿನವೇ ಹಳೆಯ ಎಸಿ ಬಿಸಿಗಾಳಿ ಊದುತ್ತದೆ. ಹುಮನಾಬಾದಿನಿಂದ ಬಂದ ಮೆಕ್ಯಾನಿಕ್, "ಗ್ಯಾಸ್ ಖಾಲಿ ಆಗ್ಯಾದ್ರಿ" ಅಂತಾನೆ. ಅದೇನು ಪೆಟ್ರೋಲೇ, ಉರಿದು ಮುಗಿಯೋಕೆ? ಕೊಳವೆಯೊಳಗೇ ಸುತ್ತುವ ಗ್ಯಾಸ್ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ವರ್ಷವರ್ಷ ತುಂಬಿಸುವವರು ಮೆಕ್ಯಾನಿಕ್‌ನ ಮಗಳ ಮದುವೆಗೆ ಮುಯ್ಯಿ ಹಾಕುತ್ತಿದ್ದಾರೆ, ಅಷ್ಟೇ.

ಹತ್ತು–ಹದಿನೈದು ವರ್ಷವಾಗಿ, ಕಂಪ್ರೆಸರ್ ಕೈಕೊಟ್ಟು, ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ಮುಟ್ಟಿದರೆ ಬದಲಿಸುವುದೇ ಲೇಸು. ಆರ್-22 ಗ್ಯಾಸಿನದಾದರಂತೂ ಮೀನಮೇಷ ಬೇಡ. ಓಝೋನ್ ಪದರಕ್ಕೆ ಕಂಟಕವೆಂದು ಮಾಂಟ್ರಿಯಲ್ ಒಪ್ಪಂದ ಅದಕ್ಕೆ 2030ರ ಗಡುವು ಕೊಟ್ಟಿದೆ.

"ನಮ್ಮದು ಒಣಬಿಸಿಲು, ಕೂಲರೇ ಸಾಕು" ಎಂಬ ಯಜಮಾನರ ವಾದ ವೈಜ್ಞಾನಿಕವಾಗಿ ಸರಿಯೇ. "ನಳದಾಗ ನೀರು ನೀವೇ ತರಿಸ್ರಿ" ಎಂದಳು ಯಜಮಾನಿ. ಸಂಜೆಯೇ ಹೊಸ ಎಸಿ ಬಂತು.