ಮಾವನಿಗಿಂತ ಎಮ್ಮೆಯೇ ಸ್ಪಷ್ಟ

ಟಿ.ವಿ.ಯಲ್ಲಿ ಬಂದದ್ದನ್ನೆಲ್ಲ ಹಿಡಿದಿಡಬೇಕೆಂಬ ಹಟ ಎಲ್ಲ ಮನೆಗಳಲ್ಲೂ ಇರುವುದಿಲ್ಲ. ಇದ್ದರೆ, ಹಿಡಿದದ್ದನ್ನು ಸಣ್ಣದು ಮಾಡಿಕೊಡಲು ಬಳಗದಲ್ಲಿ ಒಬ್ಬ ಬಡಪಾಯಿ ಬೇಕಾಗುತ್ತಾನೆ. ನಮ್ಮಲ್ಲಿ ಹಿಡಿಯುವವರು ಸುರಪುರದ ಸೋದರತ್ತೆ, ಸಣ್ಣದು ಮಾಡುವವನು ಯಾದಗಿರಿಯ ನಾನು. ನಡುವೆ ಶಹಾಪುರದಲ್ಲಿ ಅತ್ತೆಯ ತಂಗಿಯ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಈ ವ್ಯವಹಾರದಲ್ಲಿ ಅವನ ಪಾಲು ಅಭಿಪ್ರಾಯ ಹೇಳುವುದು.

ಪೆನ್‌ಡ್ರೈವ್ ಬರುವುದು ಬಸ್ಸಿನಲ್ಲಿ, ಸಜ್ಜಿರೊಟ್ಟಿಯ ಗಂಟಿನ ಜೊತೆ. ಹೀಗಾಗಿ ನನ್ನ ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗೆ ಕಾಯಂ ಆಗಿ ಶೇಂಗಾ ಚಟ್ನಿಯ ವಾಸನೆ ಹತ್ತಿದೆ. ಜೊತೆಗೊಂದು ಫೋನು: ‘ಅದರಾಗ ಚಂದನ ಚಾನೆಲ್‌ದು ಭಾಳ ಅದಾವ. ಸಣ್ಣದು ಮಾಡು. ಆದ್ರ ಏನೂ ತೆಗೀಬ್ಯಾಡ.’

ಏನೂ ತೆಗೆಯದೆ ವಿಡಿಯೊವನ್ನು ಅವರು ಕೇಳುವಷ್ಟು ಸಣ್ಣದು ಮಾಡುವುದು ಹೇಗೆಂದು ದೊಡ್ಡ ದೊಡ್ಡ ಗಣಿತಜ್ಞರಿಗೇ ಗೊತ್ತಾಗಿಲ್ಲ ಎಂದು ಸೋದರತ್ತೆಗೆ ಹೇಳುವ ಧೈರ್ಯ ನನಗಿಲ್ಲ.

ಅತ್ತೆಯ ಮಾಳಿಗೆಯ ಮೇಲಿರುವುದು ಡಿಡಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಶುರುವಾದದ್ದು. ತಿಂಗಳ ಬಾಡಿಗೆಯ ರಗಳೆ ಇಲ್ಲ. ಅದರ ವಾಹಿನಿಗಳನ್ನು ಸುರಿಸುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ನಾವಿರುವುದು 77ರ ಆಸುಪಾಸಿನಲ್ಲಿ. ಆದ್ದರಿಂದ ನಮ್ಮ ಮೂರೂ ಊರುಗಳಲ್ಲಿ ಈ ತಟ್ಟೆಗಳೆಲ್ಲ ಆಗ್ನೇಯಕ್ಕೆ ಮುಖ ಮಾಡಿ ಕೂತಿರುತ್ತವೆ. ಮಾವ ವಾಸ್ತು ನಂಬುವವರು. ‘ಆಗ್ನೇಯ ಅಂದ್ರ ಒಲಿ ಇರೋ ಮೂಲಿ. ಚಂದನಕ್ಕ ಅಲ್ಲೇನ್ ಕೆಲಸ?’ ಎಂದು ತಟ್ಟೆ ಕೂರಿಸಲು ಬಂದ ಹುಡುಗನಿಂದ ಅದನ್ನು ಈಶಾನ್ಯಕ್ಕೆ ತಿರುಗಿಸಿದರು. ಈಶಾನ್ಯದಲ್ಲಿ ದೇವರೂ ಕಾಣಲಿಲ್ಲ, ಚಂದನವೂ ಕಾಣಲಿಲ್ಲ. ಹುಡುಗ ಮಾತಾಡದೆ ಆಗ್ನೇಯಕ್ಕೆ ತಿರುಗಿಸಿ, ಎರಡು ಸಲ ತಿರುಗಿಸಿದ ಕೂಲಿ ಇಸಿದುಕೊಂಡು ಹೋದ.

ತಟ್ಟೆಯಿಂದ ಟಿ.ವಿ. ನೋಡುವುದು ಈ ಸೀಮೆಗೆ ಹೊಸದಲ್ಲ ಎಂಬುದನ್ನು ಬೆಂಗಳೂರಿನವರಿಗೆ ಆಗಾಗ ನೆನಪಿಸಬೇಕು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ, ಅಮೆರಿಕದ ಎಟಿಎಸ್-6 ಉಪಗ್ರಹದಿಂದ ದೇಶದ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಇಳಿಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಆಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲಬರ್ಗಾದಲ್ಲೇ ಇದ್ದವು. ಬೆಂಗಳೂರಿಗರು ಇನ್ನೂ ರೇಡಿಯೊದ ಕಿವಿ ಹಿಂಡುತ್ತಿದ್ದಾಗ ನಮ್ಮ ಕಡೆಯ ಹಳ್ಳಿಗರು ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತಡಿಯ ತಟ್ಟೆಯ ಮುಂದೆ ಕೂತು ಬಾಹ್ಯಾಕಾಶದಿಂದ ಬಂದ ಬೇಸಾಯದ ಪಾಠ ಕೇಳಿದರು. 1977ರಲ್ಲಿ ಗುಲಬರ್ಗಾಕ್ಕೇ ದೂರದರ್ಶನದ ಪ್ರಸಾರ ಕೇಂದ್ರ ಬಂತು. ಅತ್ತೆ ಸಣ್ಣವರಿದ್ದಾಗ ತವರಿನ ಶಾಲೆಯಂಗಳದಲ್ಲಿ ಅಂಥದೊಂದು ಟಿ.ವಿ. ನೋಡಿದ್ದರಂತೆ. ‘ಆವಾಗ ಹಿಡಿದಿಡಾಕ ಏನೂ ಇರಲಿಲ್ಲ. ಬಂತು, ಹೋತು’ ಎನ್ನುತ್ತಾರೆ. ಅಂದು ಹೋದದ್ದರ ಬಾಕಿಯನ್ನು ಈಗ ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದಾರೆ.

ವಸೂಲಿಯಾಗುವುದು ಸೆಟ್‌ಟಾಪ್ ಬಾಕ್ಸಿನ ಪೆನ್‌ಡ್ರೈವ್ ತೂತಿನಿಂದ. ಆಕಾಶದಿಂದ 188 ಬೈಟುಗಳ ಪೊಟ್ಟಣಗಳಾಗಿ ಸುರಿಯುವ ಮಾಹಿತಿಯನ್ನು ಬಾಕ್ಸು ಬಿಚ್ಚಿ ನೋಡದೆ, ಬಂದ ಹಾಗೇ ಒಳಗೆ ತುಂಬುತ್ತದೆ. ಸೆಕೆಂಡಿಗೆ 4 ಮೆಗಾಬಿಟ್ ಲೆಕ್ಕದಲ್ಲಿ ಒಂದು ಗಂಟೆಗೆ 1.8 ಜಿಬಿ. ಕಡತ 4 ಜಿಬಿ ಮುಟ್ಟಿದೊಡನೆ ಪೆನ್‌ಡ್ರೈವಿನ ಫ್ಯಾಟ್32 ವ್ಯವಸ್ಥೆ ಸಾಕು ಎನ್ನುತ್ತದೆ. ಹಾಡುವವರು ಆಲಾಪದ ನಡುವೆ ಇದ್ದರೂ ಅಲ್ಲಿಗೇ ಕತ್ತರಿ. ಈ ಕಡತಗಳನ್ನು ಬಾಕ್ಸು ತಾನೇನೋ ತೋರಿಸುತ್ತದೆ. ಶಹಾಪುರದ ತಂಗಿಯ ಮನೆಯ ಹಳೇ ಡಿವಿಡಿ ಪ್ಲೇಯರ್ ಮಾತ್ರ ಮೂಸಿಯೂ ನೋಡುವುದಿಲ್ಲ. ಅದಕ್ಕೆ ಡಿವ್‌ಎಕ್ಸ್ ಅಥವಾ ಎಕ್ಸ್‌ವಿಡ್ ಬಗೆಯ ಕಡತ ಬೇಕು. ಅಕ್ಕ ಹಿಡಿದದ್ದನ್ನು ತಂಗಿ ನೋಡದಿದ್ದರೆ ಹಿಡಿದು ಏನು ಬಂತು?

ಹಾಗೆ ನೋಡಿದರೆ ನನ್ನ ಕೈಗೆ ಬರುವಷ್ಟರಲ್ಲಿ ಚಿತ್ರ ಒಮ್ಮೆ ಹಿಂಡಿಸಿಕೊಂಡೇ ಬಂದಿರುತ್ತದೆ. ಅಗಲ 720 ಚುಕ್ಕೆ, ಎತ್ತರ 576 ಚುಕ್ಕೆ, ಸೆಕೆಂಡಿಗೆ 25 ಚಿತ್ರ. ಹಿಂಡದೆ ಬಿಟ್ಟರೆ ಗಂಟೆಗೆ 50 ಜಿಬಿಗೂ ಮಿಕ್ಕೀತು. ಪ್ರಸಾರ ಮಾಡುವವರು ಅದನ್ನು ಎಂಪೆಗ್-2 ಗಾಣಕ್ಕೆ ಹಾಕಿ ಎಣ್ಣೆ ತೆಗೆದಿರುತ್ತಾರೆ. ಉಳಿದ ಹಿಂಡಿಯನ್ನು ಇನ್ನೊಂದು ಗಾಣಕ್ಕೆ ಹಾಕಿ ಮತ್ತೆ ಎಣ್ಣೆ ತೆಗೆ ಎಂಬುದು ನನಗೆ ಬಂದ ಅಪ್ಪಣೆ.

ಈ ಹಿಂಡುವ ವಿದ್ಯೆಯ ಮೂಲಪುರುಷರಲ್ಲಿ ಒಬ್ಬರು ನಮ್ಮವರೇ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತವನ್ನು ಕುರಿತು ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಅವರು ಬರೆದ ಪ್ರಬಂಧ 1974ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಹಣ ಕೇಳಿ ಅರ್ಜಿ ಹಾಕಿದ್ದರು, ಅದು ಮಂಜೂರಾಗಲಿಲ್ಲ. ಆ ಗಣಿತ ಮಾಡುವುದಿಷ್ಟು: ಚಿತ್ರವನ್ನು ಎಂಟೆಂಟು ಚುಕ್ಕೆಗಳ ಚೌಕಗಳಾಗಿ ಮಾಡಿ, ಕಣ್ಣು ಗುರುತಿಸುವ ಒರಟು ವಿವರ ಒಂದು ಕಡೆ, ಗುರುತಿಸದ ನವುರು ವಿವರ ಇನ್ನೊಂದು ಕಡೆ ಬೇರ್ಪಡಿಸಿಡುತ್ತದೆ. ನವುರಿನದನ್ನು ಎಸೆಯುವುದು ಅದರ ಮುಂದಿನ ಹಂತ. ಫೋಟೋದ ಜೆಪೆಗ್, ಟಿ.ವಿ.ಯ ಎಂಪೆಗ್, ನನ್ನ ಎಕ್ಸ್‌ವಿಡ್ ಎಲ್ಲವೂ ಇದೇ ಮನೆತನ. ಎಸೆಯಬಹುದಾದದ್ದು ಯಾವುದೆಂದು ಹೇಳುವಾಗ ಅವರೆಲ್ಲ ಲೆಕ್ಕಕ್ಕೆ ಹಿಡಿದದ್ದು ಸರಾಸರಿ ಮನುಷ್ಯನ ಕಣ್ಣು. ಅತ್ತೆಯ ಕಣ್ಣು ಆ ಲೆಕ್ಕದಲ್ಲಿ ಸೇರಿರಲಿಲ್ಲ.

ಇದು ಗೊತ್ತಾದದ್ದು ಮಾವ ಟಿ.ವಿ.ಯಲ್ಲಿ ಬಂದಾಗ. ಕೃಷಿ ಕಾರ್ಯಕ್ರಮವೊಂದರಲ್ಲಿ, ಕಾಲುವೆ ನೀರು ಕಂಡ ಶಹಾಪುರದ ಕಡೆಯ ಹೊಲದಲ್ಲಿ ನಿಂತು, ಭತ್ತದ ಬಗ್ಗೆ ಅವರು ಒಂದಿಷ್ಟು ಮಾತಾಡಿದರು. ಕ್ಯಾಮೆರಾ ಕಂಡ ಮಾವ ಕಂಬವಾದರು. ರೆಪ್ಪೆ ಸಹಿತ ಅಲ್ಲಾಡಲಿಲ್ಲ; ತುಟಿ ಮಾತ್ರ ಕರ್ತವ್ಯಕ್ಕೆ ಬಿಟ್ಟದ್ದು. ಅವರ ಹಿಂದೆ ಒಂದು ಎಮ್ಮೆ ಎಡದಿಂದ ಬಲಕ್ಕೆ, ಬಾಲ ಬೀಸುತ್ತ, ತಲೆ ಕೊಡವುತ್ತ, ಯಾರ ಅಪ್ಪಣೆಗೂ ಕಾಯದೆ ನಡೆದುಹೋಯಿತು.

ಹಿಂಡುವ ತಂತ್ರಾಂಶಕ್ಕೆ ನೆಂಟಸ್ತನ ತಿಳಿಯದು. ಅದು ಒಂದು ಚಿತ್ರವನ್ನು ಪೂರ್ತಿ ಬರೆದುಕೊಂಡು, ಆಮೇಲಿನ ಚಿತ್ರಗಳಲ್ಲಿ ಬದಲಾದದ್ದನ್ನಷ್ಟೇ ಬರೆಯುತ್ತ ಹೋಗುತ್ತದೆ. ಮಾವನ ಹತ್ತಿರ ಬಂದಾಗಲೆಲ್ಲ ‘ಹಿಂದೆ ಇದ್ದಂತೆ’ ಎಂದು ಷರಾ ಬರೆದು ಮುಂದೆ ಹೋಯಿತು. ಉಳಿಸಿದ ಬಿಟ್ಟುಗಳನ್ನೆಲ್ಲ ತಗೊಂಡು ಹೋಗಿ ಎಮ್ಮೆಗೆ ಸುರಿಯಿತು. ಮಾವನ ಮುಖ ಗಿಲಾಯಿ ಮಾಡಿದ ಗೋಡೆಯ ಹಾಗಾಗಿ, ಎಮ್ಮೆಯ ಕಿವಿಯ ಕೂದಲು ಎಣಿಸುವಂತಾಯಿತು. ಮೊದಲು ಬಾಲ ಬೀಸಿದಾಗಲೆಲ್ಲ ಅಂಚು ಹಲ್ಲುಹಲ್ಲಾಗಿ ಕಾಣುತ್ತಿತ್ತು, ಟಿ.ವಿ.ಯವರು ಬೆಸ ಗೆರೆ, ಸಮ ಗೆರೆಗಳನ್ನು ಐವತ್ತನೇ ಒಂದು ಸೆಕೆಂಡಿನ ಅಂತರದಲ್ಲಿ ಹಿಡಿಯುವುದರಿಂದ ಆಗುವ ಫಜೀತಿ ಅದು. ನಾನು ಡಿಇಂಟರ್ಲೇಸ್ ಎಂಬ ಗುಂಡಿ ಒತ್ತಿ ಬಾಲವನ್ನೂ ಓರಣ ಮಾಡಿದ್ದೆ.

ಅತ್ತೆ ನೋಡಿ ಫೋನು ಮಾಡಿದರು. ‘ಎಮ್ಮಿ ಭಾಳ ಛೊಲೊ ಬಂದದ. ಅದು ನಮ್ಮ ಪಕ್ಕದ ಹೊಲದವ್ರದು. ಅವರಿಗೂ ಒಂದು ಕಾಪಿ ಬೇಕಂತ.’ ಮಾವನ ಮುಖದ ಬಗ್ಗೆ ಕೇಳಿದೆ. ‘ಅದನ್ನ ದಿನಾ ನೋಡ್ತೀನಲ್ಲ’ ಎಂದರು. ಬದಲಾಗದ್ದನ್ನು ಮತ್ತೆ ಬರೆಯಬೇಕಿಲ್ಲ ಎಂಬ ಸೂತ್ರವನ್ನು ಇಷ್ಟು ಚುಟುಕಾಗಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ.

ಹಿಂಡುವ ವಿದ್ಯೆ ಪೂರ್ತಿ ಮಂಡಿಯೂರುವುದು ಜಾತ್ರೆಯ ಮುಂದೆ. ಸ್ಟುಡಿಯೋದಲ್ಲಿ ಕೋಟು ಹಾಕಿ ಸುದ್ದಿ ಓದುವವರನ್ನು ಅಂಗೈಯಗಲ ಜಾಗದಲ್ಲಿ ಮಡಿಸಿಡಬಹುದು. ಸಂಕ್ರಾಂತಿಯ ಮೈಲಾಪುರದ ಮೈಲಾರಲಿಂಗನ ಗುಡ್ಡದಲ್ಲಿ ಭಂಡಾರ ಹಾರಿತೆಂದರೆ ಮುಗಿಯಿತು. ಲಕ್ಷಾಂತರ ಅರಿಶಿನದ ಕಣ, ಒಂದೊಂದಕ್ಕೆ ಒಂದೊಂದು ದಿಕ್ಕು, ಹಿಂದಿನ ಚಿತ್ರದ್ದು ಮುಂದಿನದಕ್ಕೆ ಕವಡೆ ಕಾಸಿನ ಉಪಯೋಗವಿಲ್ಲ. ತಂತ್ರಾಂಶ ತಬ್ಬಿಬ್ಬಾಗಿ ಹಳದಿ ಚೌಕಗಳನ್ನು ಕಂಡಕಂಡಲ್ಲಿ ಇಟ್ಟು ಕೈತೊಳೆದುಕೊಳ್ಳುತ್ತದೆ. ಶಹಾಪುರದ ಹುಡುಗ ಅದನ್ನು ನೋಡಿ, ‘ಅಣ್ಣಾ, ಇದು ಜಾತ್ರಿನೋ, ಬಚ್ಚಲಮನಿ ಟೈಲ್ಸೋ?’ ಎಂದ. ಬಿಟ್‌ರೇಟ್ ಏರಿಸಿದರೆ ಸರಿಹೋಗುತ್ತದೆ, ಆದರೆ ಆಗ ಕಡತ ಸಣ್ಣದಾಗುವುದಿಲ್ಲ. ಜಾತ್ರೆಯನ್ನು ಸಣ್ಣದು ಮಾಡಲು ಹೊರಟವನಿಗೆ ಮೈಲಾರ ಇಷ್ಟು ಮಾಡಿದ್ದೇ ದಯೆ ಎಂದು ಸುಮ್ಮನಾದೆ.

‘ಥಟ್ ಅಂತ ಹೇಳಿ’ಯದು ಬೇರೆ ಕಥೆ. 2002ರಿಂದ ಚಂದನದಲ್ಲಿ ಡಾ. ನಾ. ಸೋಮೇಶ್ವರ ನಡೆಸಿಕೊಡುವ, ಗೆದ್ದವರಿಗೆ ಪುಸ್ತಕ ಕೊಡುವ ಈ ಕ್ವಿಜ್ ಅತ್ತೆಗೆ ಪ್ರಾಣ. ಗಾಳಿಗೆ ತಟ್ಟೆ ಅಲುಗಿ ಒಂದಿಷ್ಟು ಪೊಟ್ಟಣ ಕಾಣೆಯಾದರೆ, ಹೊಸ ಕಡತದಲ್ಲಿ ಧ್ವನಿಯೂ ಚಿತ್ರವೂ ಸವತಿಯರಂತೆ ದೂರದೂರ ನಿಲ್ಲುತ್ತವೆ. ಒಂದು ಸಂಚಿಕೆಯಲ್ಲಿ ಸ್ಪರ್ಧಿ ಬಾಯಿ ತೆರೆಯುವ ಮೊದಲೇ ಉತ್ತರ ಹೊರಬಿತ್ತು. ಅದನ್ನು ಸರಿಮಾಡಿ ಕಳಿಸುವುದರೊಳಗೆ ಅತ್ತೆ ಓಣಿಯವರಿಗೆಲ್ಲ ತೋರಿಸಿ, ‘ಥಟ್ ಅಂದ್ರ ಹಿಂಗಿರಬೇಕು’ ಎಂದು ಮೆಚ್ಚಿಯಾಗಿತ್ತು.

ಈ ಹಿಂಡುವ ಕೆಲಸವೆಲ್ಲ ಮೇ ತಿಂಗಳಲ್ಲಿ ನಡೆಯಿತು ಎಂದರೆ ಯಾದಗಿರಿಯನ್ನು ಬಲ್ಲವರಿಗೆ ಮಿಕ್ಕದ್ದು ತಿಳಿಯುತ್ತದೆ. ಹೊರಗೆ 42 ಡಿಗ್ರಿ, ಒಳಗೆ ಲ್ಯಾಪ್‌ಟಾಪಿನ ಫ್ಯಾನು ಭೋರಿಡುತ್ತ ತಾನೂ ಬಿಸಿಗಾಳಿ ಉಗುಳುತ್ತಿತ್ತು. ಶೇಕಡ 97ಕ್ಕೆ ಬಂದಾಗ ಕರೆಂಟು ಹೋಗುವುದು ವಾಡಿಕೆ. ಬಿಸಿಲಿಗೆ ಲ್ಯಾಪ್‌ಟಾಪಿನ ಬ್ಯಾಟರಿ ನನಗಿಂತ ಮೊದಲೇ ಮಲಗಿರುತ್ತದೆ. ಮನೆಯವಳು ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಮಾಳಿಗೆಗೆ ಹೋಗುವಾಗ, ‘ಅದನ್ನೂ ಮ್ಯಾಲಕ್ಕ ಒಯ್ದು ಒಣಗಿಸಲೇನು? ಸಣ್ಣದಾಗ್ತದ’ ಎಂದು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ.

ಅಂತೂ ಗಂಟೆಗೆ 1.8 ಜಿಬಿ ಇದ್ದದ್ದನ್ನು 450 ಎಂಬಿಗೆ ತಂದೆ. ನಾಲ್ಕರಲ್ಲಿ ಒಂದು ಪಾಲು. ಪೆನ್‌ಡ್ರೈವಿಗೆ ಹಾಕಿ ಬಸ್ಸಿಗೆ ಕೊಟ್ಟು, ಇನ್ನು ಹಳೆಯ ಕಡತಗಳನ್ನು ಅಳಿಸಿಬಿಡಿ ಎಂದು ಫೋನು ಮಾಡಿದೆ.

‘ಅಳಸೋದಾ? ಅವು ಒರಿಜಿನಲ್ ಅಲ್ಲೇನೋ?’ ಎಂದರು ಅತ್ತೆ.

ಒರಿಜಿನಲ್ ಇದ್ದ ಮೇಲೆ ಇದೇಕೆ ಎಂದೆ. ಇದು ತಂಗಿಗೆ ತೋರಿಸಲಿಕ್ಕೆ, ಅದು ಇಟ್ಟುಕೊಳ್ಳಲಿಕ್ಕೆ ಎಂಬ ಉತ್ತರ ಬಂತು. ಶಹಾಪುರದ ಹುಡುಗನನ್ನು ಪಂಚನಾಗಿ ಕರೆದರೆ, ಎರಡೂ ಇರಲಿ, ಯಾವುದಕ್ಕೂ ಹಾರ್ಡ್‌ಡಿಸ್ಕ್ ಒಂದು ತಗೊಳ್ಳಿ, ನನ್ನ ಅಂಗಡಿಯಲ್ಲೇ ಇದೆ ಎಂದ. ಗಂಟೆಗೆ 1.8 ಜಿಬಿ ತಿನ್ನುತ್ತಿದ್ದ ಕಾರ್ಯಕ್ರಮ ನನ್ನ ಶ್ರಮದ ಫಲವಾಗಿ ಈಗ 2.25 ಜಿಬಿ ತಿನ್ನುತ್ತಿದೆ. ಹಾರ್ಡ್‌ಡಿಸ್ಕ್ ಬಂದ ವಾರವೇ ಇನ್ನೊಂದು ರೊಟ್ಟಿಯ ಗಂಟೂ ಬಂತು. ಮಾವ ಮತ್ತೆ ಟಿ.ವಿ.ಯಲ್ಲಿ ಬರುವ ಸಂಭವವಿದೆಯಂತೆ. ಈ ಸಲ ಒಂದಿಷ್ಟು ಅಲ್ಲಾಡಿ ಮಾತಾಡಬೇಕೆಂದು ಅತ್ತೆ ಕನ್ನಡಿಯ ಮುಂದೆ ತಾಲೀಮು ಮಾಡಿಸುತ್ತಿದ್ದಾರಂತೆ.